ಏಳು ಜನ, ಆರು ಕೋಣೆ

ನನ್ನ ಅಣ್ಣನ ಮಗಳು ಬ್ರಿಯೋನಿ ಈಗ ಇನ್ವರ್‌ಕಾರ್ಗಿಲ್‌ನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳ ಜೊತೆ ನಯವಾಗಿ ಮಾತಾಡುತ್ತಾಳೆ, ಸಂಜೆಯಾದರೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾರನ್ನೂ ಕರೆಯುವುದಿಲ್ಲ, ಕರೆದರೆ ಹೋಗುವುದಿಲ್ಲ. ಜನ ಜಂಬ ಅನ್ನುತ್ತಾರೆ. ಜಂಬವೂ ಇಲ್ಲ, ಮಣ್ಣೂ ಇಲ್ಲ. ಕಾಲೇಜಿನ ಮೊದಲ ವರ್ಷ ಅವಳು ಗೆಳತಿಯರನ್ನು ಸಂಪಾದಿಸಿದ ಕಥೆ ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಗೊತ್ತಿರುವವಳು ನಾನು, ಡನೀಡನ್‌ನಲ್ಲಿ ಬಸ್ಸು ಓಡಿಸುವ ಅವಳ ಅತ್ತೆ.

ಅವಳು ಹುಟ್ಟಿ ಬೆಳೆದದ್ದು ದಕ್ಷಿಣದ ತುದಿಯ ಪುಟ್ಟ ಬಂದರು ಬ್ಲಫ್‌ನಲ್ಲಿ. ತಾಯಿ ಬಿಟ್ಟು ಹೋದ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅಣ್ಣ, ಜನ ದುಡ್ಡು ಸುರಿದು ತಿನ್ನುವ ಆಯ್ಸ್ಟರ್ ಚಿಪ್ಪು ಹಿಡಿಯುವ ದೋಣಿಯಲ್ಲಿ ಇಂದಿಗೂ ದುಡಿಯುತ್ತಾನೆ. ಒಂದನೇ ತರಗತಿಯಿಂದ ಅದೇ ನಾಲ್ಕು ಮಕ್ಕಳ ಜೊತೆ ಬೆಳೆದವಳಿಗೆ ಗೆಳೆತನ ಅನ್ನುವುದನ್ನು ಹುಡುಕಿ ಮಾಡಿಕೊಳ್ಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಡನೀಡನ್ನಿನ ಕಾಲೇಜು ಹಾಸ್ಟೆಲಿಗೆ ಬಂದ ದಿನವೇ ಒಗೆಯುವ ಯಂತ್ರಕ್ಕೆ ಹೊಸ ಉಣ್ಣೆ ಸ್ವೆಟರ್ ಹಾಕಿದಳು. ಅದು ಕೂಸಿನ ಅಂಗಿಯಷ್ಟಾಗಿ ಹೊರಬಂತು. ಅಲ್ಲೇ ನಿಂತು ಗೊಳೋ ಅಂತ ಅತ್ತಳಂತೆ.

"ಅಯ್ಯೋ, ಅಳ್ಬೇಡ್ವೇ ಮಾರಾಯ್ತಿ. ನಮ್ಮನೇಲಿ ಒಂದು ಪಾಪು ಇದೆ, ಅದಕ್ಕೆ ಅಳತೆ ತಗೊಂಡ ಹಾಗಿದೆ. ಕೊಡಿಲ್ಲಿ, ನೀನು ಇದನ್ನ ಹಾಕ್ಕೋ" ಅಂತ ಒಬ್ಬಳು ತನ್ನ ಮೈಮೇಲಿನ ಸ್ವೆಟರನ್ನೇ ಬಿಚ್ಚಿ ಕೊಟ್ಟಳು. ಅವಳು ಲೂಪೆ, ಓಮರು ಊರಿನಲ್ಲಿ ನೆಲೆಸಿದ ಟೋಂಗಾ ದ್ವೀಪದವರ ಮನೆ ಹುಡುಗಿ. ನಕ್ಕರೆ ಮೂರು ಮಹಡಿಗೂ ಕೇಳಿಸಬೇಕು. ಭಾನುವಾರ ಬಂತೆಂದರೆ ಅವಳ ಅಮ್ಮ, ದೊಡ್ಡಮ್ಮ, ಅಣ್ಣಂದಿರು ಎಲ್ಲ ವ್ಯಾನಿನಲ್ಲಿ ಬಂದಿಳಿಯುತ್ತಿದ್ದರು. ಜೊತೆಗೆ ಕೆಸುವಿನೆಲೆಯಲ್ಲಿ ತೆಂಗಿನಹಾಲು ಹಾಕಿ ಬೇಯಿಸಿದ ಮಾಂಸದ ದೊಡ್ಡ ಪಾತ್ರೆ. ಬ್ರಿಯೋನಿಗೆ ಬಡಿಸಿದ ಮೇಲೆಯೇ ಲೂಪೆಗೆ. ಅಪ್ಪನಿಗೆ ಫೋನು ಮಾಡಿದಾಗಲೆಲ್ಲ ಲೂಪೆ ಹೀಗಂದಳು, ಲೂಪೆ ಹಾಗಂದಳು, ಬೇರೆ ಸುದ್ದಿಯೇ ಇಲ್ಲ.

ಮಾರ್ಚಿನಲ್ಲಿ ಚಿಪ್ಪಿನ ಕಾಲ ಶುರುವಾಯಿತು. ಅಣ್ಣ ಮಗಳಿಗೆ ಒಂದು ಬಕೆಟ್ ಚಿಪ್ಪು ಕಳಿಸಿದ. ಅದೇ ಸಂಜೆ ಕ್ರೈಸ್ಟ್‌ಚರ್ಚಿನ ದುಬಾರಿ ಶಾಲೆಯಿಂದ ಬಂದ ಪಿಪ್ಪಾ ಅನ್ನುವವಳು ಚಿಪ್ಪು ತಿನ್ನುತ್ತಾ ಇವಳನ್ನು ಮುದ್ದಾಗಿ "ಬ್ರೀ" ಅಂತ ಕರೆದಳು. ಪಿಪ್ಪಾ ಮತ್ತು ಅವಳ ಹಿಂದೆ ಸುತ್ತುವ ನಾಲ್ವರ ಮೇಜಿನಲ್ಲಿ ನಮ್ಮ ಹುಡುಗಿಗೆ ಜಾಗ ಸಿಕ್ಕಿತು. ಇವಳು ಲೂಪೆಯನ್ನೂ ಕೈಹಿಡಿದು ಎಳೆದುಕೊಂಡು ಹೋದಳು.

ಈ ಊರಿನ ಕ್ರಮವೊಂದಿದೆ, ಅದಕ್ಕೆ ಬೆಂಕಿ ಬೀಳಲಿ. ಹಾಸ್ಟೆಲ್ ಒಂದೇ ವರ್ಷ. ಮುಂದಿನ ವರ್ಷದ ಬಾಡಿಗೆ ಮನೆಗೆ ಈ ವರ್ಷ ಜೂನಿನ ಚಳಿಗಾಲಕ್ಕೆ ಮೊದಲೇ ಸಹಿ ಬೀಳಬೇಕು. ಫೆಬ್ರುವರಿಯಲ್ಲಿ ಮುಖ ನೋಡಿದವರ ಜೊತೆ ಮೇ ತಿಂಗಳಲ್ಲೇ ಮುಂದಿನ ಸಂಸಾರ ಗೊತ್ತುಮಾಡಿಕೊಳ್ಳಬೇಕು. ಯಾವ ಗುಂಪಿಗೂ ಸೇರದೆ ಉಳಿದವಳು ಗುರುತಿಲ್ಲದವರ ಮನೆಯ ಖಾಲಿ ಕೋಣೆ ಹುಡುಕಿಕೊಳ್ಳಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ಪಿಪ್ಪಾಳಿಗೆ ಮನೆ ಸಿಕ್ಕಿತು, ಬಿಸಿಲು ಬೀಳುವ ಒಳ್ಳೆಯ ಮನೆ. ಆದರೆ ಕೋಣೆ ಆರು, ಇವರು ಏಳು.

ಒಂದು ಮಧ್ಯಾಹ್ನ ಬ್ರಿಯೋನಿ ನನ್ನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಮುಖ ಸುಣ್ಣದ ಹಾಗಾಗಿತ್ತು.

"ಅತ್ತೆ, ಲೂಪೆ ಬೇಡ ಅಂತಾಗಿದೆ."

"ಯಾರಿಗೆ ಬೇಡವಂತೆ?"

"ಎಲ್ಲರಿಗೂ. ಅವಳಿಗೆ ನಾನೇ ಹೇಳ್ಬೇಕಂತೆ. ಪಿಪ್ಪಾ ಹೇಳಿದ್ಲು, ನೀನು ಅವಳಿಗೆ ಹತ್ತಿರದವಳು, ನೀನು ಹೇಳಿದ್ರೆ ನೋವಾಗಲ್ಲ ಅಂತ."

"ಥೂ! ಹೇಳೋ ಬಾಯಿ ಅವಳಿಗಿಲ್ವಾ? ನೀನು ಲೂಪೆ ಸೇರಿ ಪುಟ್ಟ ಮನೆ ಹಿಡೀರೇ. ಕೆಟ್ಟದ್ದೇನು?"

"ಹಾಗಂದ್ರೆ ನಾನೂ ಹೊರಗೇ ಅತ್ತೆ. ಆಮೇಲೆ ಊಟದ ಮೇಜಲ್ಲಿ ನನ್ನ ಪಕ್ಕ ಯಾರು ಕೂತ್ಕೋತಾರೆ?"

"ಲೂಪೆ ಕೂತ್ಕೋತಾಳೆ!"

ನಿಲ್ದಾಣ ಬಂತು, ಇಳಿದು ಹೋದಳು.

ಹೇಳಿದಳು. ಹೇಗೆ ಹೇಳಿದಳು ಅನ್ನುವುದನ್ನು ಆಮೇಲೆ ಅವಳ ಬಾಯಲ್ಲೇ ಕೇಳಿದೆ. ಕೋಣೆ ಸಾಲದು ಅಂದು ಸುಮ್ಮನಾಗಬಹುದಿತ್ತು. ತನ್ನ ತಪ್ಪು ತನಗೇ ಚುಚ್ಚುತ್ತಿತ್ತಲ್ಲ, ಅದಕ್ಕೇ ತಪ್ಪನ್ನೆಲ್ಲ ಲೂಪೆಯ ತಲೆಗೆ ಕಟ್ಟಿದಳು.

"ನಿಮ್ಮನೆಯವರು ವಾರ ವಾರ ಬರ್ತಾರೆ ಲೂಪೆ. ಗಲಾಟೆ. ಮೇಲೆ ಆ ಅಡುಗೆ ವಾಸನೆ ಬೇರೆ. ಯಾರಿಗೂ ಹಿಡಿಸಲ್ಲ."

"ಹೋದ ಭಾನುವಾರ ನೀನು ಎರಡು ಸಲ ಹಾಕಿಸ್ಕೊಂಡೆ. ನಮ್ಮಮ್ಮ, ಪಾಪ ಆ ಹುಡುಗಿಗೆ ತಾಯಿ ಇಲ್ಲ ಅಂತ ಡಬ್ಬಿಗೂ ತುಂಬಿಸಿ ಕೊಟ್ಲು" ಅಂದಳಂತೆ ಲೂಪೆ. ಅಷ್ಟೇ ಅಂದದ್ದು. ಆಮೇಲೆ ಆ ಮೇಜಿನ ಕಡೆ ಬರಲಿಲ್ಲ. ಭಾನುವಾರದ ವ್ಯಾನೂ ನಿಂತಿತು, ಬರಬೇಡಿ ಅಂತ ಅವಳೇ ಹೇಳಿದ್ದಳಂತೆ.

ಸಹಿಯ ದಿನ ಜಾಮೀನು ಹಾಕಲು ಅಣ್ಣ ಬಂದ. ದೋಣಿಗೆ ರಜೆ ಹಾಕಿ, ಮದುವೆ ಮುಂಜಿಗೆ ಹಾಕುವಂಥ ಬಿಳಿ ಅಂಗಿ ತೊಟ್ಟು ಬಂದಿದ್ದ. ನಾವು ಮೂವರೂ ಬಾಡಿಗೆ ಕಚೇರಿಗೆ ಹೋದೆವು. ಅಲ್ಲಿದ್ದ ಹುಡುಗಿ, "ಆ ಮನೆಗೆ ನಿನ್ನೇನೇ ಎಲ್ಲರ ಸಹಿ ಆಯ್ತಲ್ಲ ಸರ್, ಆರೂ ಜನ ಬಂದಿದ್ರು" ಅಂದಳು. ಬ್ರಿಯೋನಿಯ ಜಾಗಕ್ಕೆ ಬಂದ ಆರನೆಯವಳು ಪಿಪ್ಪಾಳ ಶಾಲೆಯ ಗೆಳತಿ, ಬೇರೆ ಹಾಸ್ಟೆಲಿನವಳು.

ಇಬ್ಬರನ್ನೂ ಕರೆದುಕೊಂಡು ಸೀದಾ ಹಾಸ್ಟೆಲಿಗೆ ಹೋದೆ. ಪಿಪ್ಪಾ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಳು.

"ಒಂದು ಮಾತು ಹೇಳೋಕೆ ನಿಮಗೇನು ದಾಡಿ ಬಂದಿತ್ತೇ?" ಅಂದೆ.

ಹುಡುಗಿ ಹೆದರಲೂ ಇಲ್ಲ, ನಾಚಲೂ ಇಲ್ಲ. "ಹೇಳ್ಬೇಕು ಅಂತಾನೇ ಇದ್ವಿ ಆಂಟಿ. ಹತ್ತಿರದವರು ಯಾರಾದ್ರೂ ಹೇಳಿದ್ರೆ ಚೆಂದ ಅಂತ ನೋಡಿದ್ವಿ. ನಮ್ಮಲ್ಲಿ ಬ್ರೀಗೆ ಹತ್ತಿರದವರು ಅಂತ ಯಾರೂ ಇರ್ಲಿಲ್ಲ."

ಬ್ರಿಯೋನಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅಣ್ಣನಿಗೆ ಇದರ ತಲೆಬುಡ ಗೊತ್ತಿಲ್ಲ. ಮಗಳ ಬೆನ್ನು ಸವರಿ, "ಹೋಗ್ಲಿ ಬಿಡು ಮಗಾ. ಆ ಲೂಪೆ ಇದ್ದಾಳಲ್ಲ, ಬಂಗಾರದಂಥ ಹುಡುಗಿ ಅಂತಿದ್ದೆ. ಅವಳನ್ನ ಕರಿ. ನೀವಿಬ್ರೂ ಒಂದು ಮನೆ ಮಾಡಿ, ನಾನು ಸಹಿ ಹಾಕ್ತೀನಿ. ಯಾವುದು ಅವಳ ರೂಮು?" ಅಂತ ಮೆಟ್ಟಿಲು ಹತ್ತಲು ಹೊರಟೇಬಿಟ್ಟ.

ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಅತ್ತೆ, ನೀನೇ ಹೇಳು ಅಪ್ಪಂಗೆ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈ ಕೊಡವಿಕೊಂಡೆ. "ನೀನೇ ಹೇಳೇ. ಹತ್ತಿರದವರು ಹೇಳಿದ್ರೆ ನೋವಾಗಲ್ಲವಂತಲ್ಲ" ಅಂದೆ.

ಹೇಳಿದಳು. ಡಬ್ಬಿಯ ವಿಷಯವನ್ನೂ ಬಿಡದೆ ಹೇಳಿದಳು. ಅಣ್ಣ ಮೆಟ್ಟಿಲ ಮೇಲೆ ನಿಂತೇ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮಗಳ ಕಡೆ ನೋಡದೆ ಮೇಲೆ ಹೋದ. ಬಾಗಿಲು ಬಾಗಿಲಲ್ಲೂ ಕೇಳಿಕೊಂಡು ಲೂಪೆಯ ಕೋಣೆ ಹುಡುಕಿ, ಆ ಹುಡುಗಿಯ ಕ್ಷಮೆ ಕೇಳಿ, ಬ್ಲಫ್‌ಗೆ ಹೊರಟುಹೋದ.