ಎರಡನೇ ಭಾಗದ ಮೃಗ

ಕಳೆದ ತಿಂಗಳು ಮದುಮಗಳೊಬ್ಬಳಿಗೆ ಮೇಕಪ್ ಮಾಡಲು ಕೋಡಿಂಬಾಳಕ್ಕೆ ಹೋಗಿದ್ದೆ. ಅಂಗಳದಲ್ಲಿ ಚಪ್ಪರ, ಅದರಾಚೆ ತಂತಿಯ ಮೇಲೆ ಒಣಹಾಕಿದ ರಬ್ಬರ್ ಶೀಟುಗಳು. ಮಲ್ಲಿಗೆ, ಸಾಂಬಾರು, ಹೊಸ ಸೀರೆ ಎಲ್ಲದರ ಪರಿಮಳವನ್ನೂ ದಾಟಿ ಆ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಬ್ರಶ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

"ಎಂತಾಯ್ತು ಅಕ್ಕ?" ಎಂದಳು ಮದುಮಗಳು.

ಏನಿಲ್ಲ ಎಂದು ಮತ್ತೆ ಕೆಲಸಕ್ಕೆ ತೊಡಗಿದೆ. ಆದರೆ ನನ್ನ ಕೈ ಆಗ ನೆನಪಿಸಿಕೊಂಡದ್ದು ಬೇರೆಯೇ ಒಂದು ಮುಖವನ್ನು. ಅಗಲ ಹಣೆ, ಎಡಗೆನ್ನೆಯ ಮೇಲೆ ಸಣ್ಣ ಗುಳಿ, ಯಾವಾಗಲೂ ಅರ್ಧ ನಗು... ವ್ಯಾನಿನಣ್ಣನ ಮುಖ.

ಸುಳ್ಯದಲ್ಲಿ ನನ್ನ ಬ್ಯೂಟಿ ಪಾರ್ಲರ್ ಇರುವ ಕಟ್ಟಡದ ಎದುರಿಗೇ ಅವರ ಶಾಲಾ ವ್ಯಾನು ಸಂಜೆ ನಿಲ್ಲುತ್ತಿತ್ತು. ಮರ್ಕಂಜದ ಕಡೆಯ ಮಕ್ಕಳನ್ನು ಬೆಳಿಗ್ಗೆ ಕರೆತಂದು ಸಂಜೆ ಮನೆ ಮುಟ್ಟಿಸುವುದು ಅವರ ಕೆಲಸ. ಆರಡಿ ದಾಟಿದ ಎತ್ತರ, ಉದ್ದ ಕೈಗಳು. ಆ ಎತ್ತರವನ್ನು ನೋಡಿಯೇ ಬೆಂಗಳೂರಿನಿಂದ ಬಂದ ಸಿನಿಮಾದವರು ಅವರನ್ನು ಹಿಡಿದುಕೊಂಡು ಹೋದದ್ದು. ಕಾಡಿನಲ್ಲಿ ದಾರಿ ತಪ್ಪಿದ ಮನುಷ್ಯನೊಬ್ಬ ಸ್ವಲ್ಪ ಸ್ವಲ್ಪವೇ ಮೃಗವಾಗುವ ಕಥೆ. ಆ ಮನುಷ್ಯ ಇವರೇ, ಕೊನೆಗೆ ಆ ಮೃಗವೂ ಇವರೇ, ಬಾಯಲ್ಲಿ ಒಂದು ಮಾತೂ ಇಲ್ಲದ ಪಾತ್ರ. ಸಣ್ಣ ಬಜೆಟ್ಟಿನ ಸಿನಿಮಾ. ಆದರೆ ನಮ್ಮೂರಲ್ಲಿ ಮೊಬೈಲಿನಿಂದ ಮೊಬೈಲಿಗೆ ಅದು ಹೇಗೆ ಓಡಿತೆಂದರೆ, ವ್ಯಾನಿನ ಮಕ್ಕಳು ಅವರನ್ನು ಸುತ್ತುವರಿದು "ಒಮ್ಮೆ ಉಗುರು ತೋರಿಸಿ ಅಣ್ಣ, ಒಮ್ಮೆ ಮಾತ್ರ" ಎಂದು ಪೀಡಿಸುತ್ತಿದ್ದರು. ಅವರೂ ಬೆರಳು ಮಡಚಿ ತೋರಿಸಿ ನಗಿಸುತ್ತಿದ್ದರು.

ಎರಡನೇ ಭಾಗಕ್ಕೆ ಸಿನಿಮಾದವರು ಮತ್ತೆ ಬಂದಾಗ, ಮೇಕಪ್ಪಿನವರೊಬ್ಬರು ಕೈಕೊಟ್ಟರಂತೆ. ವ್ಯಾನಿನಣ್ಣ ನನ್ನ ಹೆಸರು ಹೇಳಿದರು. ನಾನೋ ಮದುವಣಗಿತ್ತಿಯರಿಗೆ ಹೂವು ಮುಡಿಸಿ, ಕಾಡಿಗೆ ತೀಡಿ ಅಭ್ಯಾಸ ಇದ್ದವಳು.

"ಚಂದ ಮಾಡ್ಲಿಕ್ಕೆ ಮಾತ್ರ ಗೊತ್ತುಂಟು ಅಣ್ಣ ನನಗೆ. ಈ ರಾಕ್ಷಸ ಎಲ್ಲ ಮಾಡಿ ಗೊತ್ತಿಲ್ಲ."

"ಅಂಟಿಸುದು ಮಾತ್ರ ನಿಮ್ಮ ಕೆಲಸ ಅಕ್ಕ. ರಾಕ್ಷಸ ನಾನು ಆಗ್ತೇನೆ."

ಕಲ್ಲುಗುಂಡಿಯಿಂದ ಮೇಲೆ, ಜೀಪು ನಿಲ್ಲುವಲ್ಲಿಂದ ಇನ್ನಷ್ಟು ನಡೆದು ಹೋಗಬೇಕಾದ ಕಾಡಿನಲ್ಲಿ ಶೂಟಿಂಗ್. ಹಗಲಿನಲ್ಲೇ ಚಿತ್ರಿಸಿ ಆಮೇಲೆ ಕಂಪ್ಯೂಟರಿನಲ್ಲಿ ರಾತ್ರಿ ಮಾಡುತ್ತಾರಂತೆ. ಸುಡುವ ಬಿಸಿಲಲ್ಲಿ ಎಲ್ಲರೂ ಕತ್ತಲೆಗೆ ಹೆದರಿದ ಹಾಗೆ ಓಡುತ್ತಿದ್ದರು. ನನಗೆ ಮೊದಮೊದಲು ಯಾವುದು ಹಗಲು, ಯಾವುದು ರಾತ್ರಿ ಎಂಬುದೇ ಗೊಂದಲ. ಮೃಗದ ಹಣೆ, ಕೆನ್ನೆ, ದವಡೆ ಎಲ್ಲ ರಬ್ಬರ್ ಹಾಲಿನಿಂದ ಎರಕ ಹೊಯ್ದ, ಅದೇ ಹುಳಿ ವಾಸನೆಯ ಬೇರೆ ಬೇರೆ ತುಂಡುಗಳು. ಒಂದೊಂದನ್ನೇ ಅಂಟಿಸಿ, ಅಂಚು ಕಾಣದಂತೆ ಬಣ್ಣ ಬಳಿದು, ಮೇಲೆ ಕೂದಲು ನೆಡಬೇಕು. ದವಡೆ ಅಂಟಿಸಿದ ಮೇಲೆ ಅವರು ಮಾತಾಡುವಂತಿರಲಿಲ್ಲ, ಊಟವೂ ಇಲ್ಲ. ಸ್ಟ್ರಾ ಹಾಕಿ ಗಂಜಿ ತಿಳಿ ಕುಡಿಯುತ್ತಿದ್ದರು. ಹಾಗಾಗಿ ಹೇಳುವುದನ್ನೆಲ್ಲ ಅದಕ್ಕೆ ಮೊದಲೇ ಹೇಳಿ ಮುಗಿಸುತ್ತಿದ್ದರು.

ಹಾಗೆ ಒಂದು ಬೆಳಿಗ್ಗೆ ಹೇಳಿದ್ದು ಮಗಳ ವಿಷಯ. ಐದು ವರ್ಷದ ಒಬ್ಬಳೇ ಮಗಳು. ಯಾರದೋ ಮೊಬೈಲಿನಲ್ಲಿ ಮೊದಲ ಭಾಗ ನೋಡಿಬಿಟ್ಟಿದ್ದಳು. ಅಂದಿನಿಂದ ಅಪ್ಪ ಮನೆಗೆ ಬಂದರೆ ಬಾಗಿಲ ಹಿಂದೆ ನಿಂತು ಮೊದಲು ಅವರ ಉಗುರು ನೋಡುತ್ತಾಳೆ. ಊಟಕ್ಕೆ ಕೂತರೆ ಅಮ್ಮನ ಆಚೆ ಬದಿ. ಎತ್ತಿಕೊಳ್ಳಲು ಹೋದರೆ ಮೈ ಸೆಟೆದುಕೊಳ್ಳುತ್ತದೆ.

"ಊರಿನ ಮಕ್ಕಳೆಲ್ಲ ನನ್ನ ಹೆಗಲಿಗೆ ಹತ್ತುತ್ತಾರೆ ಅಕ್ಕ. ನನ್ನದು ಮಾತ್ರ ಹತ್ತಿರ ಬರುದಿಲ್ಲ. ಎಂತ ಮಾಡುದು ಹೇಳಿ."

"ಹಾಗಾದರೆ ಮತ್ತೆ ಯಾಕೆ ಒಪ್ಪಿದ್ದು ಅಣ್ಣ?"

ಅವರ ಮುಖ ಅರಳಿತು. ಎರಡನೇ ಭಾಗದ ಕೊನೆಗೆ ಮೃಗ ತಿರುಗಿ ಮನುಷ್ಯನಾಗುತ್ತದೆ, ನಿರ್ದೇಶಕರೇ ಮಾತು ಕೊಟ್ಟಿದ್ದಾರೆ ಎಂದರು. "ಮೃಗ ಆದದ್ದನ್ನು ನೋಡಿದ್ದಾಳೆ ಅಲ್ವಾ? ಸರಿ ಆದದ್ದನ್ನೂ ನೋಡ್ಲಿ. ಆಗ ಹೆದರಿಕೆ ಬಿಡ್ತದೆ."

ಆ ದೃಶ್ಯವನ್ನು ಒಂದು ಮಧ್ಯಾಹ್ನ ಹೊಳೆಯಲ್ಲಿ ತೆಗೆದರು. ನಾನು ಒಂದು ತುಂಡು ಕಿತ್ತು ಕೊಡುವುದು, ಕ್ಯಾಮೆರಾದವರು ಸ್ವಲ್ಪ ಚಿತ್ರಿಸುವುದು, ಮತ್ತೆ ಇನ್ನೊಂದು ತುಂಡು. ಕೊನೆಗೆ ಬರಿ ಮುಖದಲ್ಲಿ ವ್ಯಾನಿನಣ್ಣ ನೀರಿನಿಂದ ಎದ್ದು ನಿಂತರು. ಕಣ್ಣಲ್ಲಿದ್ದದ್ದು ಹೊಳೆಯ ನೀರೋ ಅಳುವೋ ತಿಳಿಯಲಿಲ್ಲ. ಸುತ್ತ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಅವರು ನಡುಗುತ್ತಾ ನನ್ನ ಬಳಿ ಬಂದು ಟವೆಲ್ ತೆಗೆದುಕೊಂಡು, "ಗುರ್ತ ಸಿಗ್ತದಾ ಅಕ್ಕ? ನಾನೇ ಅಂತ ಮಗುವಿಗೆ ಗೊತ್ತಾಗ್ತದಾ?" ಎಂದು ಕೇಳಿದರು.

ಸಿನಿಮಾ ಪುತ್ತೂರಿನ ಥಿಯೇಟರಿಗೆ ಬಂದಾಗ ನನ್ನನ್ನೂ ಕರೆದರು. ಮ್ಯಾಟಿನಿ ಶೋ. ಅವರ ಹೆಂಡತಿಗೆ ಮಗುವನ್ನು ತರುವುದು ಸುತಾರಾಂ ಇಷ್ಟವಿರಲಿಲ್ಲ. "ಹೆದರಿದ ಮಗುವನ್ನು ಮತ್ತೆ ಹೆದರಿಸ್ಲಿಕ್ಕೆ ಕರ್ಕೊಂಡು ಹೋಗುದಾ?" ಎಂದು ಗೊಣಗುತ್ತಲೇ ಬಂದಿದ್ದರು. ಸಿನಿಮಾ ಉದ್ದಕ್ಕೂ ಮಗುವಿನ ಕಣ್ಣು, ಕಿವಿಗಳನ್ನು ಸೆರಗಿನಿಂದ ಮುಚ್ಚಿ ಹಿಡಿದಿದ್ದರು. ಕಾಡು ಸುತ್ತಲು ಬಂದವರು ಒಬ್ಬೊಬ್ಬರೇ ಸತ್ತರು. ನಾನು ಬಿಸಿಲಲ್ಲಿ ಬೆವರಿದ ಜಾಗಗಳೆಲ್ಲ ಪರದೆಯ ಮೇಲೆ ಕಗ್ಗತ್ತಲಾಗಿದ್ದವು. ಅಂತೂ ಆ ಹೊಳೆ ಬಂತು. ಮೃಗ ನೀರಿಗೆ ಇಳಿಯಿತು.

"ಈಗ... ಈಗ ಕಣ್ಣು ಬಿಡು ಮಗಾ," ಎಂದರು ವ್ಯಾನಿನಣ್ಣ. ಸೆರಗನ್ನು ತಾವೇ ಸರಿಸಿದರು. "ನೋಡು, ಅಪ್ಪ ವಾಪಸ್ಸು ಬರ್ತಾರೆ."

ಮಗು ಕಣ್ಣು ಬಿಟ್ಟಿತು. ನೀರು ಅಲುಗಿತು. ಮೇಲೆದ್ದದ್ದು ಮೃಗವೇ. ಪರದೆ ತುಂಬ ಬಾಯಿ ತೆರೆದು ನಮ್ಮತ್ತ ನೋಡಿ ಕೂಗಿತು. ಮೂರನೇ ಭಾಗದಲ್ಲಿ ಮುಂದುವರಿಯುತ್ತದೆ ಎಂದು ಅಕ್ಷರಗಳು ಬಂದವು.

ಮಗುವಿನ ಕಿರುಚಾಟ ನನಗೆ ಈಗಲೂ ಕೇಳುತ್ತದೆ. ವ್ಯಾನಿನಣ್ಣ ಪರದೆಯನ್ನೇ ನೋಡುತ್ತಾ ಕೂತಿದ್ದರು, ಇನ್ನೂ ಏನೋ ಬರಲಿಕ್ಕಿದೆ ಎಂಬ ಹಾಗೆ. ದೀಪ ಹತ್ತಿತು, ಜನ ಎದ್ದರು, ಅವರು ಏಳಲಿಲ್ಲ. ಅವರ ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ನಡೆದರು.

ವ್ಯಾನಿನಣ್ಣ ಫೋನು ಮಾಡಿ ಕೇಳಿದಾಗ ನಿರ್ದೇಶಕರು ಹೇಳಿದರಂತೆ, ಆ ದೃಶ್ಯವನ್ನು ಕತ್ತರಿಸಿದ್ದೇವೆ, ಮೃಗ ಮನುಷ್ಯ ಆದರೆ ಮುಂದಿನ ಭಾಗಕ್ಕೆ ಕಥೆ ಎಲ್ಲಿಂದ ತರುವುದು ಎಂದು. ಸಿನಿಮಾ ನಿರ್ದೇಶಕರದ್ದು ಹೌದು. ಆದರೆ ಮುಖ?

ಆ ವಾರವೇ ವ್ಯಾನಿನಣ್ಣ ಹೆಂಡತಿ, ಮಗಳನ್ನು ಕರೆದುಕೊಂಡು ಪಾರ್ಲರಿಗೆ ಬಂದರು. ಮಗು ಅಮ್ಮನ ಕೈ ಹಿಡಿದುಕೊಂಡಿತ್ತು. ಶೂಟಿಂಗಿನಲ್ಲಿ ಉಳಿದಿದ್ದ ಮೃಗದ ಮುಖದ ಒಂದು ಸೆಟ್ಟು ತುಂಡುಗಳು ನನ್ನ ಕಪಾಟಿನಲ್ಲಿದ್ದವು.

"ಅಂಟಿಸಿ ಅಕ್ಕ. ಅವಳು ನೋಡ್ಲಿ. ತೆಗೆಯುದು ಅವಳೇ."

ನನಗೆ ಕೈ ಬರಲಿಲ್ಲ. ಇನ್ನಷ್ಟು ಹೆದರಿದರೆ? ಅವರ ಹೆಂಡತಿಯ ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಹಣೆಯ ತುಂಡನ್ನು ಮೊದಲು ಮಗುವಿನ ಕೈಗೆ ಕೊಟ್ಟೆ. ಮೂಸಿ ನೋಡಿ ಮುಖ ಸಿಂಡರಿಸಿತು. ಆಮೇಲೆ ಅಂಟಿಸುತ್ತಾ ಹೋದೆ. ದವಡೆ ಕೂರಿಸಿ ಮುಗಿಯುವಾಗ ಮಗು ಅಮ್ಮನ ಸೊಂಟಕ್ಕೆ ಮುಖ ಒತ್ತಿ ಅಡಗಿತ್ತು. ವ್ಯಾನಿನಣ್ಣ ಮಾತಾಡುವಂತಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಬೋರಲಾಗಿಟ್ಟು, ಉಗುರು ಕಾಣುವ ಹಾಗೆ ಬೆರಳು ಬಿಡಿಸಿ ಕೂತರು. ಹಾಗೇ ಕೂತರು. ಗಿರಾಕಿಗಳು ಬಾಗಿಲಲ್ಲಿ ಇಣುಕಿ ಹೋದರು.

ಬಹಳ ಹೊತ್ತಿನ ಮೇಲೆ ಮಗು ಬಂದು ಒಂದು ಬೆರಳು ಮುಟ್ಟಿತು. ಆಮೇಲೆ ಕೆನ್ನೆಯ ಅಂಚು. ನಾನು ಎಣ್ಣೆ ಹಚ್ಚಿ ಸಡಿಲ ಮಾಡಿದೆ, ಅವಳು ಎಳೆದಳು. ದವಡೆ ಬಂತು, ಕೆನ್ನೆ ಬಂತು, ಹಣೆ ಬಂತು. ಅಂಟು ಮೆತ್ತಿ ಕೆಂಪಾದ ಅಪ್ಪನ ಮುಖವನ್ನು ಅವಳು ಹತ್ತಿರದಿಂದ ನೋಡಿದಳು. ಕೆನ್ನೆಯ ಚರ್ಮವನ್ನು ಚಿವುಟಿ ಎಳೆದು ನೋಡಿದಳು. ಮತ್ತೆ ನನ್ನತ್ತ ತಿರುಗಿ ಕೇಳಿದಳು:

"ಒಳಗೆ ಇನ್ನೂ ಉಂಟಾ?"

"ಇಲ್ಲ ಮಗಾ," ಎಂದರು ವ್ಯಾನಿನಣ್ಣ. "ಇನ್ನು ಇಷ್ಟೇ."

ಅವಳು ನಂಬಿದಳೋ ಇಲ್ಲವೋ. ಹೋಗುವಾಗ ಮಾತ್ರ ಅಪ್ಪನ ಒಂದು ಬೆರಳು ಹಿಡಿದುಕೊಂಡು ಮೆಟ್ಟಿಲಿಳಿದಳು. ಅವರು ಒಮ್ಮೆ ತಿರುಗಿ ನನ್ನನ್ನು ನೋಡಿದರು. ನಗುವುದೋ ಅಳುವುದೋ ಗೊತ್ತಾಗದ ಹಾಗೆ...

ಮರುವರ್ಷದ ಮಳೆಗಾಲದಲ್ಲಿ ಅವರಿಗೆ ಡೆಂಗ್ಯೂ ಜ್ವರ ಬಂತು. ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ. ಅಷ್ಟರಲ್ಲಿ ಮುಗಿದೇ ಹೋಯಿತು. ಅಷ್ಟು ದೊಡ್ಡ ದೇಹವನ್ನು ಒಂದು ಸೊಳ್ಳೆ ಉರುಳಿಸಿತೆಂದರೆ ನಂಬಲು ನನಗೆ ತುಂಬ ದಿನ ಬೇಕಾಯಿತು. ಮೂರನೇ ಭಾಗ ಬರಲೇ ಇಲ್ಲ.

ಆ ಮಗು ಈಗ ಹೈಸ್ಕೂಲು. ಮೊನ್ನೆ ಶಾಲೆಯ ಡ್ಯಾನ್ಸಿಗೆ ಮೇಕಪ್ ಮಾಡಿಸಿಕೊಳ್ಳಲು ಬಂದಿದ್ದಳು. ಅಪ್ಪನ ಎತ್ತರ ಬಂದಿದೆ. ನಾನು ಮೆಲ್ಲನೆ ಹಳೆಯದನ್ನು ತೆಗೆದೆ.

"ನಾನು ಹೆದರಿದ್ದಾ? ಅಪ್ಪನಿಗಾ?" ಎಂದು ನಕ್ಕಳು. "ನನಗೆ ನೆನಪೇ ಇಲ್ಲ ಆಂಟಿ. ಪಾರ್ಲರಿಗೆ ಬಂದದ್ದೂ ನೆನಪಿಲ್ಲ."

ಮತ್ತೆ ಮೊಬೈಲ್ ತೆಗೆದು ಎರಡನೇ ಭಾಗದ ಆ ಕೊನೆಯ ತುಣುಕನ್ನು ತೋರಿಸಿದಳು. ಮೃಗ ಬಾಯಿ ತೆರೆದು ಕೂಗಿತು. "ಸಿನಿಮಾ ಬಿಟ್ಟರೆ ಮನೆಯಲ್ಲಿ ಅಪ್ಪನ ವಿಡಿಯೋ ಎಂತದೂ ಇಲ್ಲ. ಸ್ವರ ಅಂತ ಇರುದು ಇದೊಂದೇ. ಬೇಜಾರಾದಾಗ ಹಾಕಿ ಕೇಳ್ತೇನೆ."

ಆ ಕೂಗು ಅವರದ್ದಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಯಾರೋ ಕೂಗಿ ಸೇರಿಸಿದ್ದು. ದವಡೆ ಅಂಟಿಸಿದ ಮೇಲೆ ಅವರ ಬಾಯಿಂದ ಸ್ವರವೇ ಹೊರಡುತ್ತಿರಲಿಲ್ಲ. ಹೇಳಬೇಕೋ ಬೇಡವೋ... ಹೇಳಲಿಲ್ಲ. ಬದಲಿಗೆ, ಸಂಜೆ ಮಕ್ಕಳನ್ನು ವ್ಯಾನು ಹತ್ತಿಸುವಾಗ ಅವರು ಕೂಗುತ್ತಿದ್ದದ್ದನ್ನು ನನಗೆ ಬಂದ ಹಾಗೆ ಮಾಡಿ ತೋರಿಸಿದೆ. "ಬೇಗ ಬೇಗ ಹತ್ತಿ ಮಾರಾಯ್ರೆ, ಮಳೆ ಬರ್ತದೆ!"

ಅವಳು ಕಣ್ಣು ಮುಚ್ಚಿ ಕೇಳಿದಳು. ಕಣ್ಣಿನ ಕಾಡಿಗೆ ಇನ್ನೂ ಹಸಿಯಾಗಿತ್ತು.

"ಇನ್ನೊಮ್ಮೆ ಹೇಳಿ ಆಂಟಿ," ಎಂದಳು.