ಪಡುಗೋಡೆಯ ಸುಣ್ಣ ಯಾರದ್ದು?

ಕಳೆದ ಭಾನುವಾರ ನಾನೊಂದು ಸುಳ್ಳು ಹೇಳಿದೆ. ಅದನ್ನು ಕಾಲೇಜು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರು.

ನಮ್ಮೂರು ಬೆಳಂಬಾರದಲ್ಲಿ ಒಡೆಯರ ಹಳೇ ಮನೆಯೊಂದಿದೆ. ಬ್ರಿಟಿಷರ ಕಾಲದ್ದು. ಮೊಳದಗಲದ ಕೆಂಪು ಚಿರೆಕಲ್ಲಿನ ಗೋಡೆ, ಹಲಸಿನ ಕಂಬ, ಎದೆಮಟ್ಟದ ಜಗಲಿ. (ಯಾಕಷ್ಟು ಎತ್ತರ? ಕೂತ ಒಡೆಯರಿಗಿಂತ ಅಂಗಳದಲ್ಲಿ ನಿಂತ ಗೇಣಿ ಒಕ್ಕಲು ಎತ್ತರ ಕಾಣಬಾರದಲ್ಲ!) ನೋಡಲು ಬರುವವರಿಗೆಂದು ಆ ಮನೆಯವರು ಈಗಲೂ ಅದನ್ನು ಉಳಿಸಿಕೊಂಡಿದ್ದಾರೆ. ಅದರ ಗೋಡೆ ರಿಪೇರಿ ಮಾಡುವ ಗೌಂಡಿ ನಾನು. ಐದನೇ ಕ್ಲಾಸು ಓದಿದವನು ಆರ್ಕಿಟೆಕ್ಚರ್ ಭಾಷಣ ಮಾಡುತ್ತೇನೆ ಅಂದರೆ ನಗಬೇಡಿ.

"ಬಾಗಿಲ ಮೇಲೆ ಒಡೆಯರ ಹೆಸರು ಕೆತ್ತಿದೆ. ಕಲ್ಲು ಹೊತ್ತ ನಮ್ಮ ಅಜ್ಜಂದಿರ ಹೆಸರು ಎಲ್ಲಿದೆ?" ಅಂತ ಮನೆ ನೋಡಲು ಬಂದ ಕಾಲೇಜು ಮಕ್ಕಳ ಮುಂದೆ ಜೋರಾಗಿಯೇ ಕೇಳಿದೆ. ಚಪ್ಪಾಳೆ ಬಿತ್ತು.

ಒಬ್ಬಳು ಕೇಳಿದಳು: "ಅಂಕಲ್, ಈ ಪಡುಗೋಡೆಯ ಗಾರೆ ಯಾರು ಮಾಡಿದ್ದು?"

"ನಾನೇ."

"ಹದ ಬಂದದ್ದು ಹೇಗೆ ಗೊತ್ತಾಗುತ್ತೆ?"

"ಬಣ್ಣ ನೋಡಿ," ಅಂದೆ. ಬಾಯಿಗೆ ಬಂದದ್ದು.

ನನ್ನ ಹಿಂದೆಯೇ ಸುಣ್ಣದ ಬುಟ್ಟಿ ಹೊತ್ತು ನಿಂತಿದ್ದವಳು ನನ್ನ ಅಕ್ಕ ನಾಗಿ.

ನಿಜ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆ ಗೋಡೆಗೆ ನಾನು ಸಿಮೆಂಟ್ ಬಳಿದಿದ್ದೆ. "ಬೇಡ್ವೋ ತಮಾ, ಚಿರೆಕಲ್ಲಿಗೆ ಉಸ್ರು ಕಟ್ತದೆ," ಅಂದಿದ್ದಳು ಅಕ್ಕ. ಕೇಳಿದೆನೇ? ಒಂದೇ ಮಳೆಗಾಲ. ಸಿಮೆಂಟು ಉಬ್ಬಿ, ಕಲ್ಲನ್ನೂ ಕಿತ್ತುಕೊಂಡು ಬಿತ್ತು.

ಆಮೇಲೆ ಚಿಪ್ಪಿಯ ಸುಣ್ಣ ನೆನೆಹಾಕಿ, ಬೆಲ್ಲದ ನೀರು ಬೆರೆಸಿ, ದಿನಗಟ್ಟಲೆ ಅರೆದವಳು ಅಕ್ಕ. ನಮ್ಮ ಹೆತ್ತ ಅವ್ವಿ ಅವಳಿಗೆ ಕಲಿಸಿದ ವಿದ್ಯೆ. ಹದ ನೋಡುವುದು ಬಣ್ಣದಿಂದಲ್ಲ. ಗಾರೆ, ಬಳಿಯುವ ಕರಣೆಗೆ ಅಂಟದೆ ಜಾರಬೇಕು. ನಾನು ಬಳಿದೆ, ಅಷ್ಟೆ. ನಮ್ಮಲ್ಲಿ ಹೆಂಗಸು ಕಲಸಬಹುದು, ಹೊರಬಹುದು, ಕರಣೆ ಮಾತ್ರ ಹಿಡಿಯುವಂತಿಲ್ಲ. ಹಾಗಾಗಿ ಅವಳು ಆಳು, ನಾನು ಮೇಸ್ತ್ರಿ.

ಸಂಜೆ ಕೈ ತೊಳೆಯುತ್ತ ಅಕ್ಕ ಅಂದಳು: "ಬಣ್ಣ ನೋಡ್ತೆ, ಹೌದನಾ? ಹಂಗಾರೆ ನಾಳೆ ನೀನೇ ಕಲಸು ಮಾರಾಯಾ."

ನಗುತ್ತಲೇ ಅಂದಳು.

ಮರುದಿನವೇ ಕಾಲೇಜಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಆ ಮನೆಯ ಬಡಗು ಗೋಡೆ ಇನ್ನೂ ಬಾಕಿ ಇದೆ. ಕರಣೆಯನ್ನು ಅಕ್ಕನ ಕೈಗೆ ಕೊಟ್ಟೆ.

"ಊರವ್ರು ನಗಾಡ್ತ್ರು, ತಮಾ."

"ನಗಾಡ್ಲಿ. ಬುಟ್ಟಿ ಇತ್ಲಾಗೆ ಕೊಡು."

ಗೋಡೆ ಮುಗಿಯುವವರೆಗೂ ಬುಟ್ಟಿ ನನ್ನ ತಲೆಯ ಮೇಲೆಯೇ. ಬರುವವರ ಮುಂದೆ ಅವಳ ಹೆಸರು ಹೇಳುವುದೂ ನನ್ನದೇ ಕೆಲಸ.

ಒಡೆಯರಿಗಾದರೂ ನಮ್ಮ ಅಜ್ಜಂದಿರ ಹೆಸರು ಗೊತ್ತಿರಲಿಲ್ಲ ಅನ್ನೋಣ. ನನಗೆ ಅಕ್ಕನ ಹೆಸರು ಗೊತ್ತಿತ್ತಲ್ಲ?