ಒಂದೇ ಕಾರ್ಡಿಗೆ ಎರಡು ಕೈ

ಗುಬ್ಬಿಯ ಲಾಲ್ ಸಾಬರ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ಕಂಡವರು ಕಡಿಮೆ. ಬಸ್ ನಿಲ್ದಾಣದ ಪಕ್ಕ ಅವರ ತಂದೆ ಇಟ್ಟಿದ್ದ ಹೊಲಿಗೆ ಅಂಗಡಿಯಲ್ಲಿ ಹನ್ನೊಂದನೇ ವಯಸ್ಸಿಗೇ ಗುಂಡಿಗಳಿಗೆ ಕಾಜಾ ಹಾಕಲು ಕೂತವರು, ಮೂವತ್ತು ವರ್ಷ ಆ ಊರಿನ ಮದುಮಕ್ಕಳ ಕೋಟು, ಮೇಷ್ಟ್ರ ಪ್ಯಾಂಟು, ಮಕ್ಕಳ ಚಡ್ಡಿಗಳನ್ನೆಲ್ಲ ಕತ್ತರಿಸಿದರು. ರೆಡಿಮೇಡ್ ಬಟ್ಟೆ ಬಂದು ಅಂಗಡಿ ಸೊರಗಿದ ಮೇಲೆ ತುಮಕೂರಿನ ಅಂತರಸನಹಳ್ಳಿಯಲ್ಲಿ ಉಮಾಮಹೇಶ್ವರಿ ಎಂಬುವರು ನಡೆಸುತ್ತಿದ್ದ ಶಾಲಾ ಸಮವಸ್ತ್ರದ ಕಾರ್ಖಾನೆಗೆ ಕಟಿಂಗ್ ಮಾಸ್ಟರಾಗಿ ಸೇರಿಕೊಂಡರು. ದಿನಾ ಗುಬ್ಬಿಯಿಂದ ಹೋಗಿಬರುವುದು. ಜಿಲ್ಲೆಯ ಹತ್ತಾರು ಶಾಲೆಗಳಿಗೆ ಹೋಗಿ ಮಕ್ಕಳ ಅಳತೆ ತೆಗೆಯುವುದೂ ಅವರದೇ ಕೆಲಸವಾಯಿತು.

ಮಕ್ಕಳಿಗೆ ಅವರನ್ನು ಕಂಡರೆ ಭಯವಿರಲಿಲ್ಲ. ಟೇಪು ಸುತ್ತುವಾಗ ಕಚಗುಳಿಯಾಗಿ ನಗುವವರನ್ನು ಅವರು ಪೂರ್ತಿ ನಗಲು ಬಿಟ್ಟು, ಆಮೇಲೆ ಎದೆಯಳತೆ ಓದುತ್ತಿದ್ದರು. ಉಸಿರು ಹಿಡಿದು ನಿಂತ ಮಗುವಿಗೆ ಹೊಲಿದ ಅಂಗಿ ಉಸಿರು ಬಿಟ್ಟಾಗ ದೊಗಳೆಯಾಗುತ್ತದೆ ಎನ್ನುವುದು ಅವರ ಶಾಸ್ತ್ರ.

ಎರಡು ಸಾವಿರದ ಇಸವಿಯಲ್ಲಿ ಉಮಾಮಹೇಶ್ವರಿಯವರು ಮೂರು ಕಂಪ್ಯೂಟರ್ ತರಿಸಿ, ಕೇಬಲ್ ಎಳೆಸಿ, ಒಂದಕ್ಕೊಂದು ಜೋಡಿಸಿದರು. ಆಫೀಸಿನಲ್ಲೊಂದು, ಅಳತೆ ಕೋಣೆಯಲ್ಲೊಂದು, ಕಟಿಂಗ್ ಹಾಲಿನಲ್ಲೊಂದು. ಡಿಪ್ಲೊಮಾ ಓದಿ ಬಂದಿದ್ದ ಪಲ್ಲವಿ ಎಂಬ ಹುಡುಗಿ ಒಂದು ಡೇಟಾಬೇಸ್ ಮಾಡಿಕೊಟ್ಟಳು. ಮಗುವಿಗೊಂದು ಕಾರ್ಡು. ಹೆಸರು, ಶಾಲೆ, ತರಗತಿ, ಸೆಕ್ಷನ್, ಅಳತೆಗಳು, ಕೊನೆಯಲ್ಲಿ ಏನಾದರೂ ವಿಶೇಷವಿದ್ದರೆ ಬರೆಯಲು ಒಂದು ಖಾಲಿ ಚೌಕ. ಫೈಲು ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಉಳಿದೆರಡು ಕಂಪ್ಯೂಟರಿನ ಮುಂದಿದ್ದವರೂ ಕೂತಲ್ಲಿಂದಲೇ ಅದನ್ನು ತೆಗೆದು ನೋಡಬಹುದು, ಬರೆಯಲೂಬಹುದು.

ಐವತ್ತಾರು ವರ್ಷದ ಲಾಲ್ ಸಾಬರು ಒಂದೇ ಬೆರಳಿನಲ್ಲಿ ಟೈಪು ಮಾಡಲು ಕಲಿತರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ಟೀವಿಯ ಬಟನ್ನು ಕೂಡ ಮುಟ್ಟದ ಮನುಷ್ಯ ಅಲ್ಲಿ ಹೋಗಿ ಏನು ಒತ್ತುತ್ತಾರೋ ಎಂದು ಹೆಂಡತಿ ಹಜರಾ ಬೀ ನೆಂಟರ ಮುಂದೆಲ್ಲ ಗೇಲಿ ಮಾಡಿದರು. ಗೇಲಿಯೊಳಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಮರುವರ್ಷ ಮೇ ಕೊನೆಗೆ ಕುಣಿಗಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋಗಿದ್ದರು. ಏಳನೇ ತರಗತಿಯ ಸಿದ್ಧಲಿಂಗಮ್ಮ ಸಾಲಿನ ಕೊನೆಗೆ ನಿಂತು, ತನ್ನ ಸರದಿ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು. ಚಿಕ್ಕಂದಿನಲ್ಲಿ ಬಿದ್ದು ಮೂಳೆ ಮುರಿದು ಅವಳ ಎಡ ಹೆಗಲು ಮುಕ್ಕಾಲು ಇಂಚು ತಗ್ಗಿತ್ತು. ಎಲ್ಲರೂ ಹೋದ ಮೇಲೆ ಲಾಲ್ ಸಾಬರು ಅವಳನ್ನು ಕರೆದರು.

"ತಾತ, ಹೋದ್ ವರ್ಷದ ಅಂಗಿ ಒಂದ್ ಕಡೆ ಜಾರ್ತಿತ್ತು. ಎಲ್ರೂ ನಗ್ತಾರೆ."

"ಈ ಸಲ ಜಾರಲ್ಲ ಕಣಮ್ಮ. ಎಡಗಡೆ ಒಳಗೆ ಒಂದ್ ಪ್ಯಾಡ್ ಇಡಿಸ್ತೀನಿ, ತೋಳು ಬೇರೆ ಅಳತೇಲಿ ಕತ್ತರಿಸ್ತೀನಿ. ನಿನಗೂ ನನಗೂ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ನನ್ ಮಾತು."

ಜುಲೈನಲ್ಲಿ ಆ ಶಾಲೆಯಿಂದ ಒಂದು ಅಂಗಿ ವಾಪಸು ಬಂತು. ಹೆಗಲು ಸರಿಯಿಲ್ಲವೆಂದು ಟೀಚರು ಚೀಟಿ ಬರೆದಿದ್ದರು. ಲಾಲ್ ಸಾಬರು ಅಂಗಿಯನ್ನು ಮಗುಚಿ ನೋಡಿದರು. ಪ್ಯಾಡೂ ಇಲ್ಲ, ಏನೂ ಇಲ್ಲ. ಎಲ್ಲ ಮಕ್ಕಳ ಅಂಗಿಯ ಹಾಗೆಯೇ ಎರಡೂ ಹೆಗಲು ಸಮ. ಸಾವಿರಾರು ಅಂಗಿಗಳ ನಡುವೆ ಕತ್ತರಿ ಹಿಡಿದವರು ನೋಡುವುದು ಕಾರ್ಡನ್ನಷ್ಟೇ. ಕಂಪ್ಯೂಟರಿನಲ್ಲಿ ಸಿದ್ಧಲಿಂಗಮ್ಮನ ಕಾರ್ಡು ತೆಗೆದರೆ ಕೊನೆಯ ಚೌಕ ಖಾಲಿ.

ಅಂದು ಊಟದ ಡಬ್ಬಿ ತೆರೆಯಲಿಲ್ಲ. ಬರೆದೆ ಎನ್ನುವ ನೆನಪೇನೋ ಇತ್ತು. ಆದರೆ ಆ ನೆನಪನ್ನು ನಂಬುವುದು ಹೇಗೆ? ಅವರಪ್ಪ ಕೊನೆಗಾಲದಲ್ಲಿ ಗಿರಾಕಿಗಳ ಅಳತೆ ಮರೆಯುತ್ತ ಮರೆಯುತ್ತ, ಕಡೆಗೆ ಗಿರಾಕಿಗಳನ್ನೇ ಮರೆತಿದ್ದರು. ಸಂಜೆ ಉಮಾಮಹೇಶ್ವರಿಯವರ ಮುಂದೆ ಹೋಗಿ ನಿಂತರು.

"ಮೇಡಂ, ನನಗೆ ಮರೆವು ಶುರುವಾಗೈತೆ ಅನ್ಸುತ್ತೆ. ಮಗೀಗೆ ಮಾತು ಕೊಟ್ಟು ತಪ್ಪಿದೀನಿ. ಬೇರೆಯವ್ರನ್ನ ನೋಡ್ಕಳಿ."

ಉಮಾಮಹೇಶ್ವರಿ ಒಪ್ಪಲಿಲ್ಲ. "ಒಂದ್ ವಾರ ತಡೀರಿ ಮಾಸ್ಟ್ರೇ," ಎಂದು ಪಲ್ಲವಿಯನ್ನು ಕರೆದು, ಏನಾಯಿತು ನೋಡು ಎಂದರು.

ಪಲ್ಲವಿ ಮೊದಲು ಗೋದಾಮಿಗೆ ಹೋಗಿ ಅಳತೆ ಚೀಟಿಗಳ ಕಟ್ಟು ಬಿಚ್ಚಿದಳು. ಲಾಲ್ ಸಾಬರ ಕೈಬರಹದ ಚೀಟಿ ಸಿಕ್ಕಿತು: ಎಡ ಹೆಗಲು ಮುಕ್ಕಾಲು ತಗ್ಗು, ಪ್ಯಾಡ್. ಅದರಡಿಯಲ್ಲಿ, ಕಂಪ್ಯೂಟರಿಗೆ ಹಾಕಿದ ಮೇಲೆ ಅವರು ಎಳೆಯುತ್ತಿದ್ದ ಕೆಂಪು ಗೆರೆಯೂ ಇತ್ತು.

"ನೀವು ಬರ್ದಿದೀರಾ ಮಾಸ್ಟ್ರೇ. ಆಮೇಲೆ ಅದು ಎಲ್ಲೋ ಹೋಗಿದೆ," ಎಂದಳು.

ಅದೇ ಶಾಲೆಯ ಕಾರ್ಡುಗಳನ್ನು ಆ ವಾರ ಮುಟ್ಟಿದ್ದ ಇನ್ನೊಬ್ಬರು ಷಡಕ್ಷರಿ. ಗೂಳೂರಿನವರು, ಹಣೆಯಲ್ಲಿ ವಿಭೂತಿ, ಆಫೀಸಿನ ಗುಮಾಸ್ತರು. ಮಕ್ಕಳ ಸೆಕ್ಷನ್ ಬದಲಾಯಿಸುವುದು ಅವರ ಕೆಲಸ. ಪಲ್ಲವಿ ಇಬ್ಬರನ್ನೂ ಅವರವರ ಕಂಪ್ಯೂಟರಿನ ಮುಂದೆ ಕೂರಿಸಿ, ಸುಳ್ಳು ಹೆಸರಿನ ಒಂದೇ ಕಾರ್ಡನ್ನು ಎರಡರಲ್ಲೂ ತೆಗೆಸಿ, ನಡುವಿನ ಬಾಗಿಲಲ್ಲಿ ನಿಂತಳು.

"ಷಡಕ್ಷರಿ ಸಾರ್, ಸೆಕ್ಷನ್ ಬದಲಾಯಿಸಿ ಹಂಗೇ ಬಿಡಿ, ಟೀಗೆ ಎದ್ದೋದ್ರಿ ಅನ್ಕೊಳಿ. ಮಾಸ್ಟ್ರೇ, ಈಗ ನೀವು ಕೆಳಗಡೆ ಬರ್ದು ಮುಂದಿನ ಕಾರ್ಡಿಗೆ ಹೋಗಿ."

ಲಾಲ್ ಸಾಬರು ಅಕ್ಷರ ಹುಡುಕಿ ಹುಡುಕಿ ಬರೆದರು, ಮುಂದಿನ ಕಾರ್ಡಿಗೆ ಹೋದರು.

"ಸಾರ್, ಟೀ ಮುಗೀತು. ಈಗ ನೀವು ಮುಂದಕ್ಕೆ ಹೋಗಿ."

ಷಡಕ್ಷರಿಯ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಮೂಡಿತು. ಅವರು ತಡಮಾಡದೆ ಮೊದಲ ಬಟನ್ ಒತ್ತಿದರು. ಕಾರ್ಡನ್ನು ಮತ್ತೆ ತೆಗೆದು ನೋಡಿದರೆ ಲಾಲ್ ಸಾಬರು ಬರೆದದ್ದು ಮಾಯ.

"ಆ ಪೆಟ್ಟಿಗೇಲಿ ಏನ್ ಬರ್ದಿತ್ತು ಸಾರ್?"

"ಏನೋ ಬರ್ತಿರುತ್ತಮ್ಮ. ನಾನು ಸೇವ್ ಒತ್ತಿ ಮುಂದಕ್ ಹೋಗ್ತೀನಿ."

ನೀವು ಕಾರ್ಡು ಹಿಡಿದುಕೊಂಡಿದ್ದಾಗ ಬೇರೊಬ್ಬರು ಅದನ್ನು ಬದಲಾಯಿಸಿದ್ದಾರೆ, ಯಾರದನ್ನು ಉಳಿಸಲಿ ಎಂದು ಆ ಪೆಟ್ಟಿಗೆ ಕೇಳುತ್ತಿತ್ತು. ಷಡಕ್ಷರಿ ಪ್ರತಿಸಲವೂ ತಮ್ಮದನ್ನೇ, ತಾವು ತೆಗೆದಾಗ ಖಾಲಿಯಿದ್ದ ಚೌಕದ ಸಮೇತ, ಉಳಿಸುತ್ತ ಬಂದಿದ್ದರು, ತಿಳಿಯದೆ.

ಷಡಕ್ಷರಿಯ ಮುಖ ಸಣ್ಣದಾಯಿತು. ಲಾಲ್ ಸಾಬರಿಗಾದರೋ ತಲೆಯ ಮೇಲಿನ ಕಲ್ಲು ಇಳಿದಂತಾಗಿ, ಕಣ್ಣು ಒದ್ದೆಯಾಯಿತು. ಆದರೂ ಮೊದಲು ಆಡಿದ ಮಾತು ಷಡಕ್ಷರಿಗೆ. "ಬುಡಿ ಷಡಕ್ಷರಪ್ಪ, ನೀವೇನ್ ಬೇಕಂತ ಮಾಡಿದ್ರಾ? ನನಗೂ ಆ ಪೆಟ್ಟಿಗೆ ಬಂದಿದ್ರೆ ನಾನೂ ಅದನ್ನೇ ಒತ್ತಿರ್ತಿದ್ದೆ."

ಪಲ್ಲವಿ ಒಬ್ಬರು ಬದಲಾಯಿಸುತ್ತಿದ್ದ ಕಾರ್ಡನ್ನು ಇನ್ನೊಬ್ಬರು ಮುಟ್ಟಲಾಗದಂತೆ ಬೀಗ ಹಾಕಿದಳು. ಅದು ಇನ್ನೊಂದು ಫಜೀತಿ. ಒಂದು ಕಾರ್ಡಿಗೆ ಬೀಗ ಬಿದ್ದರೆ ಅಕ್ಕಪಕ್ಕದ ನಾಲ್ಕಾರು ಕಾರ್ಡುಗಳಿಗೂ ಬೀಳುತ್ತಿತ್ತು. ಶುಕ್ರವಾರ ಲಾಲ್ ಸಾಬರು ಅರ್ಧ ಬರೆದ ಕಾರ್ಡು ಬಿಟ್ಟು ನಮಾಜಿಗೆ ಹೋದರೆ ಷಡಕ್ಷರಿ ಬಾಗಿಲಿಗೆ ಬಂದು, "ಸಾಬ್ರು ನನ್ ಮಕ್ಕಳನ್ನೆಲ್ಲ ಕೂಡಾಕ್ ಹೋಗವ್ರೆ!" ಎಂದು ಕೂಗುವರು. ಕಟಿಂಗ್ ಹಾಲಿನವರೆಲ್ಲ ನಗುವರು.

ಎರಡು ವಾರ ಹೀಗೇ ನಡೆದ ಮೇಲೆ, ಪಲ್ಲವಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಲಾಲ್ ಸಾಬರು ಹತ್ತಿರ ಹೋದರು.

"ನಮ್ಮಂಗ್ಡೀಲಿ ಎರಡು ಬುಕ್ಕು ಇಟ್ಟಿದ್ವಿ ಕಣಮ್ಮ. ಹೆಸ್ರು, ವಿಳಾಸ, ಯಾವತ್ತು ಕೊಡ್ಬೇಕು, ಅದು ನನ್ ತಮ್ಮನ ಬುಕ್ಕು. ಅಳತೆ ಬುಕ್ಕು ನಂದು. ಎರಡಕ್ಕೂ ಒಂದೇ ನಂಬ್ರ. ಅವ್ನು ಬರೆಯೋದ್ರಲ್ಲಿ ನಾನು ಕೈ ಹಾಕ್ತಿರ್ಲಿಲ್ಲ. ಇದ್ರಲ್ಲಿ ಹಂಗೆ ಆಗಲ್ವಾ?"

ಪಲ್ಲವಿ ತಲೆಯಿಂದ ಕೈ ತೆಗೆದಳು. "ಆಗುತ್ತೆ ಮಾಸ್ಟ್ರೇ. ಕಾಲೇಜಲ್ಲಿ ಹೇಳ್ಕೊಟ್ಟಿದ್ರು. ನನಗೇ ಹೊಳೀಲಿಲ್ಲ," ಎಂದು ನಕ್ಕಳು. ಮೂರು ದಿನ ಕೂತು ಕಾರ್ಡನ್ನು ಎರಡಾಗಿ ಒಡೆದಳು. ನೋಡುವಾಗ ಒಟ್ಟಿಗೆ ಕಾಣುತ್ತಿದ್ದರೂ ಸೆಕ್ಷನ್ನು ಒಂದು ಕಡೆ, ಅಳತೆ ಮತ್ತೊಂದು ಕಡೆ ಉಳಿಯುವಂತಾಯಿತು. ಅಂದಿನಿಂದ ಇಬ್ಬರ ಕೈಯೂ ಒಂದಕ್ಕೊಂದು ತಾಗಲಿಲ್ಲ.

ಸಿದ್ಧಲಿಂಗಮ್ಮನ ಅಂಗಿಗಳನ್ನು ಲಾಲ್ ಸಾಬರು ಯಾರ ಕೈಗೂ ಕೊಡದೆ ತಾವೇ ಕತ್ತರಿಸಿ, ತಾವೇ ಹೊಲಿದರು. ಕುಣಿಗಲ್ಲಿಗೂ ತಾವೇ ಬಸ್ಸು ಹತ್ತಿದರು. ನಾನೂ ಬರುತ್ತೇನೆ ಎಂದು ಷಡಕ್ಷರಿ ಹೊರಟು ನಿಂತರು. ಅವರೊಳಗಿನ ಕಸಿವಿಸಿ ಇನ್ನೂ ಹೋಗಿರಲಿಲ್ಲ. ಹುಡುಗಿ ಸ್ಟಾಫ್ ರೂಮಿನ ಮರೆಯಲ್ಲಿ ಅಂಗಿ ಹಾಕಿಕೊಂಡು ಬಂದು, ಕಿಟಕಿ ಗಾಜಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡಳು. ಎರಡೂ ಕೈ ಮೇಲೆತ್ತಿದಳು, ಇಳಿಸಿದಳು. ಹೆಗಲು ಜಾರಲಿಲ್ಲ.

"ತಡ ಆಯ್ತು ಕಣಮ್ಮ. ತಪ್ಪು ನಮ್ದು," ಎಂದರು ಲಾಲ್ ಸಾಬರು.

"ನಮ್ದು ಅಂದ್ರೆ ನಂದು," ಎಂದು ಷಡಕ್ಷರಿ ಹಿಂದಿನಿಂದ ತಿದ್ದಿದರು.

ಹುಡುಗಿಗೆ ಇಬ್ಬರ ಮಾತೂ ಅರ್ಥವಾಗಲಿಲ್ಲ. ಬೆಲ್ಲು ಹೊಡೆದಿತ್ತು, ಆಟದ ಬಯಲಿಗೆ ಓಡಿಯೇ ಹೋದಳು.

ಲಾಲ್ ಸಾಬರು ಇನ್ನೂ ಏಳು ವರ್ಷ ಆ ಕೆಲಸ ಮಾಡಿದರು. ಟೈಪು ಮಾಡುವುದಕ್ಕೆ ಎರಡನೇ ಬೆರಳು ಕೊನೆಗೂ ಬರಲಿಲ್ಲ. ನಿವೃತ್ತಿಯಾದ ಮೇಲೂ ಪ್ರತಿ ರಂಜಾನಿಗೆ ಷಡಕ್ಷರಿಯ ಮನೆಗೆ ಶಾವಿಗೆಯ ಡಬ್ಬಿ ಹೋಗುತ್ತಿತ್ತು, ಗೌರಿ ಹಬ್ಬಕ್ಕೆ ಗೂಳೂರಿನಿಂದ ಒಬ್ಬಟ್ಟು ಬರುತ್ತಿತ್ತು. ಒಬ್ಬಟ್ಟು ತರುವ ನೆಪದಲ್ಲಿ ಷಡಕ್ಷರಿ ಅರ್ಧ ದಿನ ಅಲ್ಲೇ ಕೂತುಬಿಡುವರು. ಇಬ್ಬರೂ ಸೇರಿ ಮಾತಾಡುವುದು ಕಾರ್ಖಾನೆಯ ವಿಷಯವೊಂದೇ ಎಂದು ಹಜರಾ ಬೀಗೆ ಬೇಸರ; ಆದರೂ ಎರಡನೇ ಸಲದ ಟೀಗೆ ನೀರಿಡುತ್ತಿದ್ದವರು ಅವರೇ.